ಬೆಟ್ಟ, ಬೇಣ, ಗೇರು ಹಕ್ಕಲಿನ ಮುಳ್ಳುಕಳೆ: ಗುರುತಿಸಿ ಬುಡದಿಂದ ತೆಗೆಯುವ ಕ್ರಮ

ಶಿರಸಿ, ಸಿದ್ದಾಪುರದ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ವರ್ಷ ವರ್ಷವೂ ಲಂಟಾನ ಎಂಬ ಮುಳ್ಳುಪೊದೆಯನ್ನು ಸವರಿಸುವವರು ಬಹಳ ಜನ. ಆಳು ಕತ್ತಿ ಹಿಡಿದು ನೆಲದ ಮೇಲೆ ಗೇಣುದ್ದ ಬಿಟ್ಟು ಕಡಿಯುತ್ತಾರೆ, ಜಾಗ ಚೊಕ್ಕವಾಗಿ ಕಾಣುತ್ತದೆ, ಕೂಲಿ ಕೊಟ್ಟದ್ದು ಸಾರ್ಥಕ ಅನ್ನಿಸುತ್ತದೆ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಕಾಂಡ ಇದ್ದಲ್ಲಿ ಏಳೆಂಟು ಚಿಗುರು ಎದ್ದು ಮೊದಲಿಗಿಂತ ದಟ್ಟವಾದ ಪೊದೆ ನಿಂತಿರುತ್ತದೆ. ಕಡಿದ ಜಾಗ ತಪ್ಪಿದ್ದೇ ಇದಕ್ಕೆ ಕಾರಣ. ಲಂಟಾನಕ್ಕೆ ಚಿಗುರುವ ಕಣ್ಣುಗಳಿರುವುದು ಕಾಂಡ ಮತ್ತು ಬೇರು ಕೂಡುವ ಬುಡದ ಗಂಟಿನಲ್ಲಿ. ಆ ಗಂಟು ನೆಲದಲ್ಲಿ ಉಳಿದರೆ ಎಷ್ಟು ಸಲ ಸವರಿದರೂ ಗಿಡಕ್ಕೆ ಗೊಬ್ಬರ ಹಾಕಿದ ಹಾಗೆ. ಗಂಟಿನ ಕೆಳಗೆ, ಮಣ್ಣೊಳಗೆ ಎರಡು ಬೆರಳು ಆಳದಲ್ಲಿ ಬೇರು ಕತ್ತರಿಸಿದರೆ ಆ ಗಿಡ ಅಲ್ಲಿಗೆ ಮುಗಿಯಿತು. ಈ ಬರಹದ ಮುಕ್ಕಾಲು ಪಾಲು ಆ ಎರಡು ಬೆರಳಿನ ಕೆಲಸವನ್ನು ಸರಿಯಾಗಿ ಮಾಡುವುದು ಹೇಗೆ ಎನ್ನುವುದೇ.

ಲಂಟಾನ: ಗುರುತು

ಲಂಟಾನದ ತವರು ಅಮೆರಿಕದ ಉಷ್ಣವಲಯ. 1809ರ ಹೊತ್ತಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಗಿಡವಾಗಿ ಬಂದು, ಅಲ್ಲಿಂದ ಬೇಲಿ ಹಾರಿ ದೇಶವೆಲ್ಲ ಹಬ್ಬಿತು. ಕೆಲವೆಡೆ ಚದುರಂಗಿ ಎನ್ನುತ್ತಾರೆ. ಮರಾಠಿಯಲ್ಲಿ ಘಾಣೇರಿ, ಅಂದರೆ ನಾತದ ಗಿಡ. ಎಲೆ ಉಜ್ಜಿದರೆ ಆ ಹೆಸರು ಯಾಕೆ ಬಂತೆಂದು ಗೊತ್ತಾಗುತ್ತದೆ.

ಹೂವು ನೋಡಿ ಯಾರಾದರೂ ಹೇಳುತ್ತಾರೆ: ಒಂದೇ ಗೊಂಚಲಿನಲ್ಲಿ ನಡುವೆ ಹಳದಿ, ಸುತ್ತ ಗುಲಾಬಿ ಅಥವಾ ಕಿತ್ತಳೆ. ಹೂವಿಲ್ಲದಾಗ ಗುರುತಿಸುವುದು ಮುಖ್ಯ, ಏಕೆಂದರೆ ಕೀಳಬೇಕಾದ ಎಳೆಗಿಡಗಳಲ್ಲಿ ಹೂವಿರುವುದಿಲ್ಲ. ಎಳೆ ಕೊಂಬೆಯನ್ನು ಬೆರಳಲ್ಲಿ ಹೊರಳಿಸಿ ನೋಡಿ, ದುಂಡಗಿರದೆ ನಾಲ್ಕು ಮೂಲೆ ಸಿಗುತ್ತದೆ. ಮೂಲೆಗಳ ಉದ್ದಕ್ಕೂ ಕೆಳಗೆ ಬಾಗಿದ ಸಣ್ಣ ಕೊಕ್ಕೆಮುಳ್ಳು. ಎಲೆಗಳು ಎದುರುಬದುರು, ಅಂಚು ಗರಗಸ, ಮೇಲ್ಮೈ ಮರಳು ಕಾಗದದಷ್ಟು ಒರಟು. ಕಾಯಿ ಹಸಿರು ಗೊಂಚಲು, ಹಣ್ಣಾದಾಗ ಮಣಿಯಂತೆ ಹೊಳೆಯುವ ಕಪ್ಪು-ನೇರಳೆ. ಹಸಿರು ಕಾಯಿ ವಿಷ. ಹಣ್ಣು ಆರಿಸಿ ತಿನ್ನುವ ಮಕ್ಕಳಿಗೆ ಇದನ್ನು ಹೇಳಿಡಬೇಕು. ಪಿಕಳಾರ, ಮೈನಾ ಈ ಹಣ್ಣನ್ನು ತಿಂದು ಮರದ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಹಾಗಾಗಿಯೇ ಬೇಣದ (ಹುಲ್ಲುಗಾವಲಿನ) ನಡುವಿನ ಒಂಟಿ ಮರದ ಬುಡದಲ್ಲಿ ಮೊದಲು ಲಂಟಾನ ಹುಟ್ಟುವುದು.

ಬಿಸಿಲಿದ್ದಲ್ಲಿ ಆಳೆತ್ತರಕ್ಕೂ ಮೀರಿ ಪೊದೆಯಾಗುತ್ತದೆ, ಮರ ಸಿಕ್ಕರೆ ಹತ್ತಿ ನೆತ್ತಿಗೆ ಹೋಗುತ್ತದೆ. ದಟ್ಟ ನೆರಳಿನ ಕಾನಿನೊಳಗೆ ಅದರ ಆಟ ನಡೆಯುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

ದೊಡ್ಡ ನಾಚಿಕೆ ಮುಳ್ಳು

ಮನೆಯಂಗಳದ ಮುಟ್ಟಿದರೆ ಮುನಿ ನೆಲಕ್ಕಂಟಿ ಬೆಳೆಯುವ ಬಡಪಾಯಿ, ಅದಕ್ಕೆ ಇಷ್ಟು ರಾದ್ಧಾಂತ ಬೇಡ. ಅದರ ದೊಡ್ಡ ಜಾತಿಯೊಂದಿದೆ, ಬ್ರೆಜಿಲ್ ಕಡೆಯದು, ಸಸ್ಯಶಾಸ್ತ್ರದ ಹೆಸರು ಮಿಮೋಸಾ ಡಿಪ್ಲೊಟ್ರೈಕಾ. ಪಕ್ಕದ ಗಿಡದ ಮೇಲೆ ಒರಗಿ ಏರುತ್ತಾ, ಒಂದರ ಮೇಲೊಂದು ಹಾಸಿಕೊಂಡು, ಕಾಲಿಡಲಾಗದ ಮುಳ್ಳಿನ ಹಾಸಿಗೆ ಮಾಡುತ್ತದೆ. ಕಾಂಡಕ್ಕೆ ನಾಲ್ಕೈದು ಏಣು, ಪ್ರತಿ ಏಣಿನ ಮೇಲೂ ಸಾಲಾಗಿ ಹಿಂದಕ್ಕೆ ಬಾಗಿದ ಮುಳ್ಳು. ಅಂಗಿ ಸಿಕ್ಕಿಕೊಂಡರೆ ಮುಂದೆ ಹೋದಷ್ಟೂ ಬಿಗಿಯುತ್ತದೆ. ಎಲೆ ಮುಟ್ಟಿದರೆ ಮುಚ್ಚುತ್ತದೆ, ಆದರೆ ಸಣ್ಣ ಜಾತಿಯಷ್ಟು ಚುರುಕಾಗಿ ಅಲ್ಲ. ಹೂವು ತಿಳಿನೇರಳೆ ಚೆಂಡು. ಕಾಯಿ ಚಪ್ಪಟೆ, ಮುಳ್ಳುಮುಳ್ಳು, ಗೊಂಚಲಲ್ಲಿ ಬಿಟ್ಟು ಒಣಗಿದಾಗ ಒಂದೊಂದು ಬೀಜದ ತುಂಡಾಗಿ ಉದುರುತ್ತದೆ. ಆ ತುಂಡುಗಳು ಪ್ಯಾಂಟಿಗೆ, ದನದ ಮೈಗೆ, ನಾಯಿಯ ಬಾಲಕ್ಕೆ ಅಂಟುತ್ತವೆ, ನೀರಲ್ಲಿ ತೇಲುತ್ತವೆ. ಹೊಸದಾಗಿ ಮಣ್ಣು ತುಂಬಿದ ರಸ್ತೆಯಂಚು, ಚಿರೆಕಲ್ಲು ಕ್ವಾರಿಯ ಸುತ್ತ, ಮಣ್ಣು ಹೊಡೆಸಿದ ಹೊಸ ತೋಟ, ಇವು ಅದನ್ನು ಹುಡುಕಬೇಕಾದ ಜಾಗಗಳು. ಟಿಪ್ಪರಿನಲ್ಲಿ ಬರುವ ಮಣ್ಣಿನ ಜೊತೆ ಬೀಜವೂ ಬರುತ್ತದೆ. ಮಣ್ಣು ತರಿಸುವ ಮೊದಲು ಅದು ಅಗೆಯುವ ಜಾಗಕ್ಕೆ ಹೋಗಿ ಸುತ್ತ ಒಮ್ಮೆ ಕಣ್ಣು ಹಾಯಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ.



ಇವನ್ನು ಕಡಿಯಬೇಡಿ

ಮುಳ್ಳಿದೆ ಎಂದು ಸಿಕ್ಕಿದ್ದನ್ನೆಲ್ಲ ಸವರಿದರೆ ನಷ್ಟ ನಮಗೇ. ಕವಳಿಗೆ ಎದುರುಬದುರು ಎಲೆ ಇದ್ದರೂ ಅದು ನುಣುಪು, ದಪ್ಪ. ಮುರಿದರೆ ಬಿಳಿ ಹಾಲು ಬರುತ್ತದೆ, ಮುಳ್ಳು ನೇರ ಮತ್ತು ಜೋಡಿ. ಲಂಟಾನದಲ್ಲಿ ಹಾಲಿಲ್ಲ. ಪರಿಗೆ ಹಣ್ಣಿನ ಚೂರಿಮುಳ್ಳಿಗೂ ಕೊಕ್ಕೆಮುಳ್ಳೇ, ಆದರೆ ಎಲೆ ಒಂದಾದ ಮೇಲೊಂದು ಪರ್ಯಾಯವಾಗಿ ಬಂದು ಬುಡದಿಂದ ಮೂರು ನರ ಎದ್ದು ಕಾಣುತ್ತವೆ. ಕಾರೆಗೆ ಉದ್ದನೆಯ ನೇರ ಮುಳ್ಳು. ದೊಡ್ಡ ನಾಚಿಕೆ ಮುಳ್ಳಿನ ಜೊತೆ ಹೆಚ್ಚು ಗೊಂದಲವಾಗುವುದು ಎಳೆಯ ಸೀಗೆ ಬಳ್ಳಿ. ಎರಡಕ್ಕೂ ಹುಣಸೆಯಂಥ ಸಣ್ಣ ಎಲೆ, ಎರಡಕ್ಕೂ ಕೊಕ್ಕೆಮುಳ್ಳು. ಸೀಗೆಯ ಎಲೆ ಮುಟ್ಟಿದರೆ ಮುಚ್ಚುವುದಿಲ್ಲ, ಕಾಂಡ ಬೇಗ ಮರದಂತೆ ಗಟ್ಟಿಯಾಗುತ್ತದೆ. ಅನುಮಾನವಿದ್ದರೆ ಮುಟ್ಟಿ ಅರ್ಧ ನಿಮಿಷ ಕಾಯಿರಿ.

ಕೆಲಸಕ್ಕೆ ಆಳು ಇಳಿಯುವ ಮೊದಲು ಉಳಿಸುವ ಗಿಡಗಳಿಗೆ ಬಾಳೆಪಟ್ಟಿಯೋ ಬಣ್ಣದ ಬಟ್ಟೆಯೋ ಕಟ್ಟಿ. ಲಂಟಾನದ ಪೊದೆಯೊಳಗೆ ನೇರಳೆ, ಮತ್ತಿ, ಮುರುಗಲಿನ ಸಸಿಗಳು ಬೆಳಕಿಗಾಗಿ ಕಾಯುತ್ತಾ ಇರುತ್ತವೆ. ನೆಟ್ಟ ಗಿಡಕ್ಕಿಂತ ಅವು ಬೇಗ ಮೇಲೇಳುತ್ತವೆ.

ಯಾವಾಗ

ನವರಾತ್ರಿಯಿಂದ ತುಳಸಿ ಮದುವೆಯವರೆಗಿನ ಅವಧಿ ಎಲ್ಲಕ್ಕಿಂತ ಒಳ್ಳೆಯದು. ಆಗ ಮಣ್ಣಿನಲ್ಲಿ ಹಸಿ ಇರುತ್ತದೆ, ಪಿಕಾಸಿ ಇಳಿಯುತ್ತದೆ. ಮೇಲೆ ಬಿಸಿಲಿರುವುದರಿಂದ ಕಿತ್ತದ್ದು ಒಣಗುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ದೊಡ್ಡ ಪೊದೆ ಕಿತ್ತರೆ ಒಣಗುವುದಿಲ್ಲ, ನೆಲಕ್ಕೆ ತಾಗಿದ ಕೊಂಬೆ ಅಲ್ಲೇ ಬೇರು ಬಿಡುತ್ತದೆ. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲ ಕಲ್ಲಾಗಿ ಬೇರಿನ ತನಕ ಆಯುಧ ಹೋಗುವುದಿಲ್ಲ, ಬೇಸತ್ತ ಆಳು ಮೇಲಿಂದಲೇ ಕಡಿದು ಮುಂದೆ ಹೋಗುತ್ತಾರೆ. ಅಡಿಕೆ ಕೊನೆಕೊಯ್ಲು ಶುರುವಾದ ಮೇಲೆ ಜನ ಸಿಗುವುದೂ ಕಷ್ಟ.

ಇನ್ನೊಂದು ಗಂಭೀರ ಕಾರಣವಿದೆ. ಮಂಗನ ಕಾಯಿಲೆ ಹರಡುವ ಉಣುಗಿನ (ಉಣ್ಣೆಯ) ಮರಿಗಳು ಕಾಡಂಚಿನಲ್ಲಿ ಹೆಚ್ಚುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಆ ರೋಗವನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಘಟ್ಟದ ಮೇಲಿನ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ, ಹೊನ್ನಾವರದ ಕಡೆಯವರಿಗೆ ಅದರ ಪರಿಚಯ ಮಾಡಿಸಬೇಕಾಗಿಲ್ಲ. ಆ ತಿಂಗಳುಗಳಲ್ಲಿ ಪೊದೆಯೊಳಗೆ ನುಗ್ಗಲೇಬೇಕಾದರೆ ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಬರಿಮೈಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಇರಲಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರು ಮಿಂದು, ಮೈಯೆಲ್ಲ ನೋಡಿಕೊಳ್ಳಿ. ಹತ್ತಿರದಲ್ಲಿ ಮಂಗ ಸತ್ತು ಬಿದ್ದಿದ್ದರೆ ಅಲ್ಲಿ ಕೆಲಸ ಬೇಡ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಲಂಟಾನ ತೆಗೆಯುವುದು

ಬೇಕಾದ್ದು ಹರಿತವಾದ ಕತ್ತಿ, ತುದಿ ಅಗಲವಾದ ಪಿಕಾಸಿ, ಹಾರೆ, ಆಳುದ್ದದ ಕವೆಕೋಲು, ದಪ್ಪ ಚರ್ಮದ ಕೈಗವಸು, ಗಂಬೂಟು, ಕಣ್ಣಿಗೆ ಕನ್ನಡಕ. ನೂಲಿನ ಕೈಗವಸು ಸಾಲದು, ಮುಳ್ಳು ತೂರುತ್ತದೆ. ಪೊದೆಯನ್ನು ಮೊದಲು ಕೋಲಿನಿಂದ ಬಡಿದು ಸ್ವಲ್ಪ ಹೊತ್ತು ಬಿಡಿ. ಹಾವು, ಕಣಜದ ಗೂಡು, ಮಲಗಿದ ಕಾಡುಹಂದಿ, ಎಲ್ಲವೂ ಅದರೊಳಗಿರಬಹುದು.

ಜಾಗದ ಅಂಚಿನಿಂದ, ಚದುರಿದ ಸಣ್ಣ ಗಿಡಗಳಿಂದ ಆರಂಭಿಸಿ ದಟ್ಟ ಪೊದೆಯತ್ತ ಹೋಗಿ. ಮನಸ್ಸು ದೊಡ್ಡ ಪೊದೆಯ ಮೇಲೇ ಇರುತ್ತದೆ, ಅದು ಸಹಜ. ಆದರೆ ಒಂದು ದಟ್ಟ ಹಿಂಡನ್ನು ತೆಗೆಯುವ ಶ್ರಮದಲ್ಲಿ ಹೊರಗೆ ಹಬ್ಬುತ್ತಿರುವ ನೂರು ಎಳೆಗಿಡ ಕೀಳಬಹುದು, ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಬಂದರೆ ಕೆಲಸ ಮುಗಿದ ಭಾಗಕ್ಕೆ ಮತ್ತೆ ಬೀಜ ಉರುಳುವುದಿಲ್ಲ.

ಮೊಣಕಾಲಿಗಿಂತ ಕೆಳಗಿನ ಗಿಡವನ್ನು ಮಳೆ ಬಿದ್ದ ಮರುದಿನ ಬುಡ ಹಿಡಿದು ಎಳೆದರೆ ಬೇರುಸಮೇತ ಬರುತ್ತದೆ. ಕಾಂಡ ತುಂಡಾದರೆ ಬಿಡದೆ ಗುದ್ದಲಿ ಹಾಕಿ.

ದೊಡ್ಡದಕ್ಕೆ ಇಬ್ಬರು ಬೇಕು. ಒಬ್ಬರು ಕವೆಕೋಲಿನಿಂದ ಹೊರಗಿನ ಕೊಂಬೆಗಳನ್ನು ಎತ್ತಿ ಹಿಡಿಯಬೇಕು, ಇನ್ನೊಬ್ಬರು ಅಡ್ಡ ಬಂದವನ್ನು ಮಾತ್ರ ಕಡಿದು ಬುಡಕ್ಕೆ ದಾರಿ ಮಾಡಬೇಕು. ಮುಖ್ಯ ಕಾಂಡವನ್ನು ಪೂರ್ತಿ ಕಡಿಯಬೇಡಿ, ಮೊಣಕಾಲೆತ್ತರ ಉಳಿದರೆ ಎತ್ತಲು ಹಿಡಿಕೆಯಾಗುತ್ತದೆ. ಬುಡದ ಸುತ್ತಲಿನ ತರಗೆಲೆ ಸರಿಸಿ, ಕಾಂಡ ಉಬ್ಬಿ ಬೇರಾಗುವ ಗಂಟನ್ನು ಕಣ್ಣಾರೆ ನೋಡಿ. ಗಂಟಿನ ಸುತ್ತ ಒಂದು ಗೇಣು ಅಗಲ ಮಣ್ಣು ಸಡಿಲಿಸಿ. ನೆಲಮಟ್ಟದಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ, ಎರಡು-ಮೂರು ಬೆರಳಿನಷ್ಟು, ಪಿಕಾಸಿಯ ಅಗಲ ತುದಿಯಿಂದ ತಾಯಿಬೇರನ್ನು ಓರೆಯಾಗಿ ಕತ್ತರಿಸಿ. ಒಬ್ಬರು ಹಿಡಿಕೆ ಒತ್ತಿದರೆ ಇನ್ನೊಬ್ಬರು ಹಾರೆಯಿಂದ ಮೀಟಬಹುದು. ಪೊದೆ ಎದ್ದ ಕೂಡಲೇ ಬೇರು ಆಕಾಶಕ್ಕೆ, ಎಲೆ ಕೆಳಕ್ಕೆ ಬರುವಂತೆ ತಲೆಕೆಳಗೆ ಮಾಡಿ ಇಡಿ.

ಈ ಕ್ರಮವನ್ನು ರೂಪಿಸಿದ್ದು ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಮತ್ತು ಸಂಗಡಿಗರು. ಕಾರ್ಬೆಟ್ ಹುಲಿ ರಕ್ಷಿತಾರಣ್ಯದಲ್ಲಿ ಇದನ್ನು ಬಳಸಿದ್ದಾರೆ. ಇದರ ಚೆಲುವಿರುವುದು ಕಡಿಮೆ ಅಗೆತದಲ್ಲಿ. ಆಳದ ಬೇರು ಚಿಗುರುವುದಿಲ್ಲವಾದ್ದರಿಂದ ಅದನ್ನು ಪೂರ್ತಿ ಕೀಳುವ ಅಗತ್ಯವೇ ಇಲ್ಲ. ನೆಲದಲ್ಲಿ ಉಳಿದ ಬೇರು ಕೊಳೆಯುವವರೆಗೂ ಮಣ್ಣನ್ನು ಹಿಡಿದಿರುತ್ತದೆ, ನಮ್ಮ ಕಡೆಯ ಮಳೆಗೆ ಇದು ಸಣ್ಣ ಲಾಭವಲ್ಲ. ಜೆಸಿಬಿ ತಂದು ಕೆರೆಸುವವರು ಕಳೆದುಕೊಳ್ಳುವುದು ಇದನ್ನೇ: ಮೇಲ್ಮಣ್ಣು ಒಂದು ಮಳೆಗಾಲದಲ್ಲಿ ಹಳ್ಳ ಸೇರುತ್ತದೆ, ಕದಡಿದ ಮಣ್ಣಿನಲ್ಲಿದ್ದ ಲಂಟಾನದ ಬೀಜವೆಲ್ಲ ಒಟ್ಟಿಗೆ ಮೊಳೆಯುತ್ತದೆ. ಸೊಪ್ಪಿನ ಬೆಟ್ಟ ಅರಣ್ಯ ಭೂಮಿ, ಯಂತ್ರ ಇಳಿಸುವುದು ಕಾನೂನಿನ ತೊಡಕೂ ಹೌದು. ಕೈಕೆಲಸವಾದರೂ ದೊಡ್ಡ ಪ್ರಮಾಣದಲ್ಲಿ ಆರಂಭಿಸುವ ಮೊದಲು ವಲಯ ಅರಣ್ಯ ಕಚೇರಿಗೆ ಹೇಳಿ ಮಾಡಿ.

ಮರ ಹತ್ತಿದ ಲಂಟಾನವನ್ನು ಹಸಿಯಾಗಿ ಎಳೆಯಬೇಡಿ, ಮರದ ಎಳೆ ಕೊಂಬೆಗಳು ಮುರಿದು ಬರುತ್ತವೆ. ಬುಡ ಬೇರ್ಪಡಿಸಿ ತಿಂಗಳು ಬಿಟ್ಟರೆ ಎಲೆ ಉದುರಿ ಹಗುರಾಗುತ್ತದೆ, ಆಮೇಲೆ ಕೊಕ್ಕೆಯಿಂದ ಇಳಿಸಿ. ಹಳ್ಳದ ದಂಡೆಯಲ್ಲಿ ಒಮ್ಮೆಲೇ ಪೂರ್ತಿ ಬೋಳು ಮಾಡದೆ ಅಡ್ಡಪಟ್ಟಿಗಳಾಗಿ, ಒಂದು ಪಟ್ಟಿ ಬಿಟ್ಟು ಒಂದು, ಎರಡು ವರ್ಷದಲ್ಲಿ ಮುಗಿಸಿ. ತೆಗೆದ ಪಟ್ಟಿಗೆ ಲಾವಂಚವೋ ಮುಂಡಿಗೆಯೋ ಹಿಡಿಯಲಿ.

ಕೆಲಸ ಕೆಡುವುದು ಹೆಚ್ಚಾಗಿ ಮೂರು ಕಡೆ. ಏಟು ಮೇಲೆ ಬಿದ್ದು ಗಂಟಿನ ಒಂದು ಚೂರು ನೆಲದಲ್ಲಿ ಉಳಿಯುವುದು ಮೊದಲನೆಯದು. ಹದಿನೈದು-ಇಪ್ಪತ್ತು ದಿನದ ಮೇಲೆ ತಿರುಗಾಡಿ ನೋಡಿದರೆ ಚಿಗುರೇ ಜಾಗ ತೋರಿಸುತ್ತದೆ. ಕಿತ್ತದ್ದನ್ನು ಮಗ್ಗುಲಾಗಿ ಬಿಸಾಡಿ ಕೊಂಬೆ ಬೇರೂರುವುದು ಎರಡನೆಯದು. ಮೂರನೆಯದು ಬೆಂಕಿ. ಒಣಗಿದ ಲಂಟಾನ ಚೆನ್ನಾಗಿ ಉರಿಯುತ್ತದೆಂದು ನಿಂತಲ್ಲೇ ಬೆಂಕಿ ಕೊಟ್ಟರೆ ಜ್ವಾಲೆ ಮರದ ಸೊಪ್ಪಿಗೆ ಏರುತ್ತದೆ, ಕಾಯುತ್ತಿದ್ದ ಮತ್ತಿ, ನೇರಳೆ ಸಸಿ ಸಾಯುತ್ತದೆ, ಮಣ್ಣೊಳಗಿನ ಗಂಟು ಮಾತ್ರ ಉಳಿದು ಮಳೆಗೆ ಚಿಗುರುತ್ತದೆ. ಬೆಟ್ಟಕ್ಕೆ ಬೆಂಕಿ ಹಾಕುವುದು ಅಪರಾಧ, ಮತ್ತು ಲಂಟಾನಕ್ಕೆ ಅದು ಉಪಕಾರ.

ಕಿತ್ತದ್ದನ್ನು ಏನು ಮಾಡುವುದು

ಹಾಸುಗಲ್ಲಿನ ಮೇಲೆ, ಬಿಸಿಲಲ್ಲಿ, ಹಕ್ಕಿ ಕೂರುವ ಮರದಿಂದ ದೂರ ಒಟ್ಟಿ. ಹಣ್ಣಿನ ಗೊಂಚಲಿದ್ದರೆ ಮೊದಲೇ ಕೊಯ್ದು ಚೀಲ ತುಂಬಿಕೊಂಡು ಬಚ್ಚಲೊಲೆಗೆ ಹಾಕಿ. ಒಣ ಕೋಲು ಸೌದೆಗೆ ಆಗುತ್ತದೆ. ನೇರವಾದ ಕೋಲುಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ ಕುರ್ಚಿ-ಬುಟ್ಟಿ ಮಾಡುವ ಕಸುಬನ್ನು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಮಾಡಿ ತೋರಿಸಿದ್ದಾರೆ.

ಕೊಟ್ಟಿಗೆಗೆ ಮಾತ್ರ ಲಂಟಾನದ ಸೊಪ್ಪು ಹಾಕಲೇಬೇಡಿ. ಬೆಟ್ಟದ ಸೊಪ್ಪಿನ ಹೊರೆಯಲ್ಲಿ ಬೆರೆತು ಬರುವುದೇ ಅಪಾಯ. ಹಸಿದ ದನ, ಅದರಲ್ಲೂ ಬೇರೆ ಊರಿನಿಂದ ಹೊಸದಾಗಿ ತಂದ ದನ, ಬಾಯಿ ಹಾಕುತ್ತದೆ. ಎಲೆಯಲ್ಲಿರುವ ಲಂಟಡೀನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ. ಮೇವು ಬಿಡುವುದು, ಸಗಣಿ ಗಟ್ಟಿಯಾಗುವುದು, ಕಣ್ಣಿನ ಬಿಳಿ ಹಳದಿಗೆ ತಿರುಗುವುದು, ಬಿಸಿಲಿಗೆ ಬಂದರೆ ಮೂತಿ, ಕಿವಿ, ಕೆಚ್ಚಲಿನ ಚರ್ಮ ಕೆಂಪಾಗಿ ಸುಲಿಯುವುದು ಲಕ್ಷಣ. ದನವನ್ನು ತಕ್ಷಣ ನೆರಳಿಗೆ ಕಟ್ಟಿ ಪಶುವೈದ್ಯರನ್ನು ಕರೆಸಿ. ತಿಂದ ವಿಷ ಹೊಟ್ಟೆಯಲ್ಲಿ ದಿನಗಟ್ಟಲೆ ಉಳಿದು ಮೈಗೆ ಸೇರುತ್ತಲೇ ಇರುತ್ತದಾದ್ದರಿಂದ, ತಾನಾಗಿ ಸರಿಯಾದೀತೆಂದು ಕಾಯುವುದರಲ್ಲಿ ಅರ್ಥವಿಲ್ಲ.

ದೊಡ್ಡ ನಾಚಿಕೆ ಮುಳ್ಳಿಗೆ ಲೆಕ್ಕ ಬೇರೆ

ಇಲ್ಲಿ ಶತ್ರು ಬೀಜ. ಗಟ್ಟಿ ಸಿಪ್ಪೆಯ ಆ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು, ಬೆಂಕಿಯ ಕಾವು ತಗುಲಿದರೆ ಸಿಪ್ಪೆ ಬಿರಿದು ಇನ್ನೂ ಬೇಗ ಮೊಳೆಯುತ್ತದೆ. ಆದ್ದರಿಂದ ಸುಡುವ ಯೋಚನೆ ಇಲ್ಲೂ ಬೇಡ. ಲಂಟಾನಕ್ಕೆ ನವರಾತ್ರಿಯ ತನಕ ಕಾದ ಹಾಗೆ ಇದಕ್ಕೆ ಕಾಯಲಾಗದು: ಜುಲೈ-ಆಗಸ್ಟ್‌ನಲ್ಲಿ, ಹೂವಿಗೆ ಮೊದಲೇ ಕೀಳಬೇಕು. ಹಾಸಿಗೆ ಎಷ್ಟೇ ಅಗಲವಿರಲಿ, ಒಂದು ಗಿಡಕ್ಕೆ ಬೇರು ಒಂದೇ ಕಡೆ. ಹಸಿ ಮಣ್ಣಿನಲ್ಲಿ ಆ ಬುಡ ಸಿಕ್ಕರೆ ಸುಲಭವಾಗಿ ಬರುತ್ತದೆ. ಹಾಸಿಗೆಯ ಅಂಚಿನಲ್ಲಿ ಬುಡಗಳನ್ನು ಕತ್ತರಿಸುತ್ತಾ, ಇಬ್ಬರು ಕವೆಕೋಲಿನಿಂದ ಚಾಪೆ ಸುತ್ತಿದ ಹಾಗೆ ಸುತ್ತುತ್ತಾ ಹೋದರೆ ಮೈಗೆ ಮುಳ್ಳು ತಾಗುವುದು ಕಡಿಮೆ.

ಬ್ರಶ್ ಕಟರ್ ಬಳಸುವವರು ನೈಲಾನ್ ದಾರ ಬಿಟ್ಟು ಲೋಹದ ಬ್ಲೇಡ್ ಹಾಕಿ, ಮುಖಕ್ಕೆ ಪೂರ್ತಿ ಮುಚ್ಚುವ ಕವಚ ಇರಲಿ. ಕಾಯಿ ಬಂದ ಮೇಲೆ ಯಂತ್ರ ಬೇಡವೇ ಬೇಡ, ಬೀಜವನ್ನು ತೋಟದ ತುಂಬ ಚೆಲ್ಲಿದಂತಾಗುತ್ತದೆ. ಆಗ ಟಾರ್ಪಾಲು ಹಾಸಿ, ಅದರ ಮೇಲೆ ಕೊಯ್ದು ಹಾಕಿ, ಸುತ್ತಿ ಹೊತ್ತು ತಂದು ಗುಂಡಿಯಲ್ಲಿ ಬೂದಿಯಾಗುವವರೆಗೆ ಸುಡಿ. ಬೆಂಕಿ ಸಲ್ಲುವುದು ಈ ಗುಂಡಿಯೊಳಗೆ ಮಾತ್ರ. ಕೆಲಸ ಮುಗಿದ ಮೇಲೆ ಬೂಟು, ಪ್ಯಾಂಟು, ಕಟರ್, ಗಾಡಿಯ ಗಾಲಿ ಅಲ್ಲೇ ಕೊಡವಿ ಬನ್ನಿ.

ತೆಗೆದ ಜಾಗಕ್ಕೆ ದರಕು (ಒಣಗಿದ ಎಲೆ) ಒಂದು ಗೇಣಿಗೆ ಕಡಿಮೆಯಿಲ್ಲದಂತೆ ಹೊದಿಸಿದರೆ ಮೊಳಕೆ ತೀರಾ ಕಡಿಮೆಯಾಗುತ್ತದೆ. ಮೂರು-ನಾಲ್ಕು ವಾರಕ್ಕೊಮ್ಮೆ ಸುತ್ತಿ, ಕಂಡ ಮೊಳಕೆಯನ್ನು ಬೆರಳಲ್ಲೇ ಕೀಳಿ.

ಔಷಧಿ, ಕೀಟ

ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆದರೆ ಸಾಯುತ್ತದಲ್ಲ ಎಂಬ ಪ್ರಶ್ನೆ ಬರುತ್ತದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಅಧಿಸೂಚನೆ ಹೊರಡಿಸಿ, ಕೀಟ ನಿಯಂತ್ರಣದ ಪರವಾನಗಿ ಇರುವವರ ಮೂಲಕ ಮಾತ್ರ ಅದರ ಬಳಕೆ ಎಂದು ನಿರ್ಬಂಧಿಸಿತು. ಕಾನೂನು ಬದಿಗಿಟ್ಟರೂ, ಬೆಟ್ಟದ ನೀರು ಇಳಿದು ಬರುವುದು ತೋಟದ ಕಾದಿಗೆಗೆ (ಬಸಿಗಾಲುವೆಗೆ), ಮನೆಯ ಬಾವಿಗೆ. ಬುಡಕ್ಕೆ ಡೀಸೆಲ್, ಉಪ್ಪು ಸುರಿಯುವುದು ಮಣ್ಣನ್ನೇ ಕೊಲ್ಲುವ ದಾರಿ. ಕೈಯಲ್ಲಿ ತೆಗೆಯಬಹುದಾದ ಗಿಡಕ್ಕೆ ಇವ್ಯಾವುವೂ ಬೇಡ. ಲಂಟಾನದ ಎಲೆಯ ರಸ ಹೀರುವ ಟೆಲಿಯೋನೀಮಿಯಾ ಎಂಬ ತಿಗಣೆಯನ್ನು 1941ರಲ್ಲೇ ದೇಶಕ್ಕೆ ತರಲಾಯಿತು. ಎಲೆ ಉದುರಿಸುತ್ತದೆ, ಮಳೆ ಬಂದರೆ ಗಿಡ ಮತ್ತೆ ಚಿಗುರುತ್ತದೆ. ಅದನ್ನು ನಂಬಿ ಕೂರಲಾಗದು.

ಮೂರು ವರ್ಷದ ಕಣ್ಣು

ಮುಂದಿನ ಮೂರು ಮಳೆಗಾಲ ನೀವೇ ಹೋಗಿ ನೋಡಬಲ್ಲಷ್ಟು ಜಾಗವನ್ನೇ ಈ ವರ್ಷ ತೆಗೆಯಿರಿ. ಎರಡು ಎಕರೆ ಕಿತ್ತು ಮರೆಯುವುದಕ್ಕಿಂತ ಹತ್ತು ಗುಂಟೆ ಕಿತ್ತು ಕಾಯುವುದು ಲಾಭ. ಜೂನ್ ಕೊನೆಯಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ, ಹಕ್ಕಿ ಕೂರುವ ಪ್ರತಿ ಮರದ ಕೆಳಗೂ ಹೋಗಿ ಗೇಣುದ್ದದ ಸಸಿ ಕೀಳಿ. ಲಂಟಾನ ಹೋದ ಬಿಸಿಲಿಗೆ ಯುಪಟೋರಿಯಂ ಎಂಬ ಇನ್ನೊಂದು ಕಳೆ ನುಗ್ಗುತ್ತದೆ. ಅದಕ್ಕೆ ಮುಳ್ಳಿಲ್ಲ, ಎಲೆಯ ಬುಡದಿಂದ ತ್ರಿಶೂಲದಂತೆ ಮೂರು ನರ, ಉಜ್ಜಿದರೆ ಘಾಟು. ಡಿಸೆಂಬರಿನ ಹೂವಿಗೆ ಮೊದಲೇ ಕಿತ್ತರೆ ಗಾಳಿಗೆ ಹಾರುವ ಬೀಜ ತಪ್ಪುತ್ತದೆ.

ಬೇಣವಾದರೆ ದನ ಕಟ್ಟದೆ ಒಂದು ವರ್ಷ ಬಿಡಿ, ಕರಡ ತಾನೇ ಮುಚ್ಚುತ್ತದೆ. ಬೆಟ್ಟದಲ್ಲಿ ನೆರಳು ಬರಬೇಕು. ಮೂರು-ನಾಲ್ಕು ಮೀಟರಿಗೊಂದು, ಒಂದೂವರೆ ಅಡಿ ಗುಂಡಿ ತೋಡಿ ಜೂನ್ ಮೊದಲ ಮಳೆಗಳಿಗೆ ಮತ್ತಿ, ನೇರಳೆ, ಕೌಲು, ಮುರುಗಲು, ಉಪ್ಪಾಗೆ ನೆಡಿ, ಬುಡಕ್ಕೆ ದರಕು ಹಾಕಿ. ಕಾರವಾರ, ಅಂಕೋಲಾ, ಕುಮಟೆಯ ಗೇರು ಹಕ್ಕಲುಗಳಲ್ಲಿ ಸತ್ತ ಗೇರುಮರದ ಖಾಲಿ ಜಾಗಗಳೇ ಲಂಟಾನದ ಬಾಗಿಲು, ಅಲ್ಲಿ ಅದೇ ಮಳೆಗಾಲದಲ್ಲಿ ಕಸಿ ಗೇರು ಕೂರಿಸಿ. ಬೇಲಿಗೆ ಬೇಕೆಂದು ಲಂಟಾನದ ಸಾಲು ಉಳಿಸಿಕೊಂಡವರು ಅದರ ಒಳಮಗ್ಗುಲಿಗೆ ಎರಡಡಿಗೊಂದು ಕವಳಿ ಸಸಿ ಇಟ್ಟು, ಅದು ಸೊಂಟದೆತ್ತರ ಬಂದ ವರ್ಷ ಹೊರಗಿನ ಲಂಟಾನವನ್ನು ಬುಡದಿಂದ ತೆಗೆದರೆ ಬೇಲಿ ಒಂದು ದಿನವೂ ತೆರೆದಿರುವುದಿಲ್ಲ, ಉಪ್ಪಿನಕಾಯಿಗೆ ಕವಳಿಕಾಯಿಯೂ ಸಿಗುತ್ತದೆ.